ಹೊಳಿ ಹಾದ್ಯಾಗ ಐತಿ

ನಮ್ಮ ಸವಿತಾಗೆ ಕೆಲಸ ಸಿಕ್ಕಿತು! ಗೋಕಾಕ ಜಲಪಾತಕ್ಕೆ ಬಂದವರಿಗೆ ಎಲ್ಲ ತೋರಿಸಿ ಹೇಳುವ ಕೆಲಸ. ಕೊರಳಿಗೆ ಗುರುತಿನ ಚೀಟಿ ಬೇರೆ. ಅಕ್ಷರ ಕೂಡಿಸಿ ಕೂಡಿಸಿ ಓದುವ ನಾನು ಮೊಮ್ಮಗಳ ಹೆಸರನ್ನು ಅದರಲ್ಲಿ ಹತ್ತು ಸಲ ಓದಿದೆ.

ಈ ಖುಷಿಯಲ್ಲಿ ಬಾಳಪ್ಪ ಕಾಕಾ ಇರಬೇಕಿತ್ತು. ಮೂಡಲಗಿ ಕಡೆಯವನು, ಕೂತಲ್ಲಿ ಕೂಡದ ಮನುಷ್ಯ. ಚಹಾ ಕೂಡ ನಿಂತೇ ಕುಡಿಯುತ್ತಿದ್ದ, ಅದೂ ಅರ್ಧ. ತೂಗುಸೇತುವೆಯ ಬಾಜೂ ನಾನು ಶೇಂಗಾ ಮಾರುವಾಗ, ಆತ ಬಂದವರನ್ನೆಲ್ಲ ಹಿಡಿದು ಕಥೆ ಹೇಳುತ್ತಿದ್ದ. ಹೊಳೆದಂಡೆಯ ಕಲ್ಲಿನ ಗುಡಿ ಎಷ್ಟು ಹಳೆಯದೆಂದು ಕೇಳಿದರೆ, “ನಮ್ಮ ಮುತ್ಯಾನ ಮುತ್ಯಾ ಕೇಳಿದಾಗೂ ಹಳೇದ ಐತಿ ಅಂದಿದ್ರಂತ್ರಿ!” ಹೊರಟವರ ಬೆನ್ನಿಗೂ ಕೂಗು: “ಸೀದಾ ಮನಿಗಿ ಹೋಗಬ್ಯಾಡ್ರಿ, ಹುಕ್ಕೇರಿ ಗುಮ್ಮಟ ನೋಡ್ಕೊಂಡ ಹೋಗ್ರಿ!”

ಬೇಸಿಗೆಯಲ್ಲಿ ಇಲ್ಲಿ ಬರೀ ಬಂಡೆ. ಜನ ಮುಖ ಸಣ್ಣದು ಮಾಡಿ ತಿರುಗಿದರೆ ಕಾಕಾಗೆ ತಡೆಯುತ್ತಿರಲಿಲ್ಲ. ಮೊದಲ ಮಳೆಯ ಸುದ್ದಿ ಬಂದದ್ದೇ, ದಿನಾ ಬೆಳಿಗ್ಗೆ ಸೈಕಲ್ ತುಳಿದು ಹೊಳೆಯ ಮೇಲ್ಗಡೆಯ ಧುಪದಾಳಕ್ಕೆ ಹೋಗುತ್ತಿದ್ದ. ಅಲ್ಲಿ ಒಡ್ಡಿನ ಮೇಲೆ ನೀರು ಹಾಯ್ದದ್ದು ಕಂಡರೆ, ಆ ನೀರಿಗಿಂತ ಮೊದಲು ಇಲ್ಲಿ ಮುಟ್ಟಬೇಕೆಂದು ಓಡಿ ಬರುತ್ತಿದ್ದ. “ಹೋಗಬ್ಯಾಡ್ರಿ! ಹೊಳಿ ಹಾದ್ಯಾಗ ಐತಿ!”

ಹೋದ ವರ್ಷ ಆತ ತೀರಿಕೊಂಡ.

ಆ ಕೆಲಸಕ್ಕೇ ಇವತ್ತು ಸವಿತಾಳ ಪರೀಕ್ಷೆ ಇತ್ತು. ಒಂದು ಬಸ್ಸಿನ ಜನಕ್ಕೆ ಜಲಪಾತ ತೋರಿಸಬೇಕು, ಕೆಲಸ ಕೊಡುವ ಸಾಹೇಬರು ನೋಡುತ್ತಾರೆ. ತೋರಿಸುವುದೇನು? ಇನ್ನೂ ಬರೀ ಬಂಡೆ! ಜನ ಬಸ್ಸಿನತ್ತ ಹೊರಳಿದರು. ಸಾಹೇಬರು ಗಡಿಯಾರ ನೋಡಿದರು. ನಾನು ಬುಟ್ಟಿ ಬಿಟ್ಟು ಅತ್ತಿಂದಿತ್ತ, ಇತ್ತಿಂದತ್ತ.

ಆಗ ಸವಿತಾ ಕೂಗಿದಳು: “ಹೋಗಬ್ಯಾಡ್ರಿ! ಹೊಳಿ ಹಾದ್ಯಾಗ ಐತಿ!”

ನಸುಕಿನಲ್ಲೇ ಸ್ಕೂಟಿ ಮೇಲೆ ಧುಪದಾಳಕ್ಕೆ ಹೋಗಿ, ಒಡ್ಡಿನ ಮೇಲೆ ನೀರು ಹಾಯ್ದದ್ದು ನೋಡಿ ಬಂದಿದ್ದಳಂತೆ, ನನಗೂ ಹೇಳದೆ! ಎಲ್ಲರನ್ನೂ ಗುಡಿಗೆ ಕರೆದೊಯ್ದು ಮಾತಿನಲ್ಲಿ ಹಿಡಿದಿಟ್ಟಳು. ನನ್ನ ಕಣ್ಣು ಬಂಡೆ ಬಿಟ್ಟು ಕದಲಲಿಲ್ಲ. ಕಡೆಗೂ ಬಂಡೆಯ ಅಂಚು ಕಪ್ಪಾಯಿತು. ಕೆಂಪು ನೀರು ಎಳೆ ಎಳೆಯಾಗಿ ಇಳಿಯಿತು. ಆಮೇಲೆ ಧೋ! ಸಾಹೇಬರೇ ಚಪ್ಪಾಳೆ ಹೊಡೆದು, ಗುರುತಿನ ಚೀಟಿ ಅವಳ ಕೊರಳಿಗೆ ಹಾಕಿದರು.

ಸಂಜೆ ಮನೆಮಂದಿಯೆಲ್ಲ ಹೋಳಿಗೆ ಊಟಕ್ಕೆ ಕೂತೆವು.

“ಆಯಿ, ಕಾಕಾ ಯಾವಾಗ್ಲೂ ನೀರಿಗಿಂತ ಮೊದಲ ಬರ್ತಿದ್ದನ?”

“ಎಲ್ಲಿ ಬರ್ತಾನವಾ! ಹಾದ್ಯಾಗ ಸಿಕ್ಕವರಿಗೆಲ್ಲ ಹೇಳ್ಕೋತ ನಿಲ್ತಿದ್ದ. ಎಷ್ಟೋ ಸಲ ನೀರ ಮೊದಲ. ಹಿಂದಿಂದ ಬಂದು, ‘ನಾನ ಕಳಸೇನಿ’ ಅಂತಿದ್ದ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸವಿತಾ ಮಾತ್ರ ನಗುತ್ತಲೇ ಎದ್ದು ಸ್ಕೂಟಿಗೆ ಎಣ್ಣೆ ಐತೋ ಇಲ್ಲೋ ನೋಡಿ ಬಂದಳು, ಅರ್ಧ ಹೋಳಿಗೆ ಕೈಯಲ್ಲೇ.

“ಕುಂತ ಉಣ್ಣ, ಹುಡುಗಿ!” ಎಂದು ಅವಳವ್ವ ಬೈದಳು.

ಅವಳು ನಿಂತೇ ತಿಂದಳು.