ತುಂಬು ಬಿಡಿಸಿದ ವಿಮಾನ

ನಮ್ಮ ಮನೆಯ ಟಿವಿ ಪಕ್ಕದ ಕಪಾಟಿನಲ್ಲಿ, ಒಂದರ ಮೇಲೊಂದು ರೆಕ್ಕೆಯಿರುವ ಹಳೇ ಕಾಲದ ವಿಮಾನವೊಂದಿದೆ. ಗೇಣುದ್ದ ಇರಬಹುದು. ಬಂದವರೆಲ್ಲ "ಎಲ್ಲಿ ತಗೊಂಡ್ರಿ ಇದನ್ನ?" ಎಂದು ಕೇಳುತ್ತಾರೆ. ತಗೊಂಡದ್ದಲ್ಲ, ಜೋಡಿಸಿದ್ದು ಎಂದರೆ "ನೀವ? ಈ ವಯಸ್ಸಿನ್ಯಾಗ?" ಎನ್ನುತ್ತಾರೆ. ಹೆಂಗಸು ಐವತ್ತೇಳನೇ ವರ್ಷಕ್ಕೆ ಹಪ್ಪಳ ಮಾಡಬೇಕು, ವಿಮಾನ ಮಾಡಬಾರದು. ಉತ್ತರ ಹೇಳಿ ಹೇಳಿ ನನಗೂ ಸಾಕಾಗಿದೆ.

ಹಾವೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಬ್ಯಾಡಗಿಯಲ್ಲಿ ಬಸ್ಸು ಹತ್ತುತ್ತೇನೆ, ಮೋಟೆಬೆನ್ನೂರು ದಾಟುವಾಗ ತೂಕಡಿಸುತ್ತೇನೆ, ಸಂಜೆ ಅದೇ ದಾರಿಯಲ್ಲಿ ತೂಕಡಿಸುತ್ತ ವಾಪಸು ಬರುತ್ತೇನೆ. ಕಾಲುವೆ, ಸೇತುವೆ, ಶಾಲೆಯ ಕೋಣೆ ಎಲ್ಲವನ್ನೂ ನೂರರಲ್ಲೊಂದು ಪಾಲಿಗೆ ಇಳಿಸಿ ಬರೆದಿದ್ದೇನೆ. ಒಂದನ್ನೂ ಕೈಯಲ್ಲಿ ಹಿಡಿದಿಲ್ಲ. ಈಗ ಗೆರೆ ಎಳೆಯುವುದೂ ಕಂಪ್ಯೂಟರೇ. ನಾನು ಅದರ ಮುಂದೆ ಕುಳಿತು ಕಣ್ಣು ಉಜ್ಜಿಕೊಳ್ಳುತ್ತೇನೆ. ನಿವೃತ್ತಿಯ ಮುಂಚೆ, ಅಳತೆಗೆ ಸರಿಯಾಗಿ ಇಳಿಸಿದ ಒಂದೇ ಒಂದು ವಸ್ತುವನ್ನು ಕೈಯಾರೆ ಕಟ್ಟಿ ಮುಗಿಸಬೇಕು ಎಂಬ ಆಸೆ ಹುಟ್ಟಿತು. ದಣಿದವರಿಗೆ ಇಂಥ ಆಸೆ ಹುಟ್ಟಬಾರದು.

ವಿಮಾನದ ಮಾದರಿ ಮಾಡಬೇಕು ಎಂದರೆ ಹಾವೇರಿಯ ಸ್ಟೇಷನರಿ ಅಂಗಡಿಯವನು ಥರ್ಮಾಕೋಲ್ ಹಾಳೆ ಎದುರಿಗಿಟ್ಟು, "ಎಷ್ಟನೇ ಕ್ಲಾಸಿನ ಪ್ರಾಜೆಕ್ಟ್ ರಿ?" ಎಂದ. ರಜೆ ಹಾಕಿ ರಾಣೆಬೆನ್ನೂರಿನ ದೊಡ್ಡ ಆಟಿಕೆ ಅಂಗಡಿಗೆ ಹೋದೆ. ಮಾಲೀಕ ಕೀಲಿ ಕೊಟ್ಟರೆ ಓಡುವ ವಿಮಾನ ತೋರಿಸಿದ. ಬಿಡಿ ಭಾಗಗಳ ಡಬ್ಬಿ ಬೇಕು, ಕೂತು ಜೋಡಿಸುವಂಥದ್ದು ಎಂದೆ. ಆತ ಮರುಕದಿಂದ ನೋಡಿದ. "ಜೋಡ್ಸಿದ್ದ ಐತಲ್ರಿ ಅಕ್ಕಾರ. ಬಿಚ್ಚಿದ್ದ್ಯಾಕ ಹುಡುಕಾಕತ್ತೀರಿ?" ಮರಳಿ ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆ, ಆತ ಹೇಳಿದ್ದೇ ಸರಿ ಅನ್ನಿಸಿತು.

ಮೊಬೈಲಿನಲ್ಲಿ ಅಗ್ಗದ್ದೊಂದು ತರಿಸಿದೆ. ಡಬ್ಬಿಯ ಮೇಲಿನ ಚಿತ್ರ ಬಹಳ ಚೆಂದ. ಒಳಗೆ ರೆಕ್ಕೆ ಸೊಟ್ಟ, ಅಂಚಿಗೆಲ್ಲ ಪ್ಲಾಸ್ಟಿಕ್ಕಿನ ಪೊರೆ, ಬಲ ರೆಕ್ಕೆ ಎರಡು, ಎಡ ರೆಕ್ಕೆ ಇಲ್ಲವೇ ಇಲ್ಲ. ಕೊನೆಗೆ ಇಂಥವನ್ನೇ ಮಾರುವ, ಬೆಂಗಳೂರಿನ ಗಲ್ಲಿಯೊಂದರ ಸಣ್ಣ ಅಂಗಡಿಯ ನಂಬರು ಸಿಕ್ಕಿತು. ಅಂಗಡಿಯಾತ ಬೆಲೆ ಹೇಳುವ ಮುಂಚೆ ನನ್ನನ್ನೇ ವಿಚಾರಿಸಿಕೊಂಡ. ಮೊದಲ ಸಲವೇ? ಕಣ್ಣು ಹೇಗಿದೆ? ಅಂಟು ಯಾವುದಿದೆ? "ಡಬ್ಬಿ ಮೇಲಿನ ಚಿತ್ರ ನೋಡ್ಬೇಡಿ ಮೇಡಂ. ಒಳಗಿನ ಫ್ರೇಮಿನ ಫೋಟೊ ಕೇಳಿ, ಅಂಚು ಚೂಪಾಗಿರ್ಬೇಕು" ಎಂದು ತಾನೇ ಫೋಟೊ ಕಳಿಸಿದ. ಒಂದರ ಮೇಲೊಂದು ರೆಕ್ಕೆಯ ಹಳೇ ವಿಮಾನದ ಆ ಕಿಟ್ ಅವನಲ್ಲಿ ಒಂದೇ ಉಳಿದಿತ್ತು, ಇನ್ನು ಬರುವುದಿಲ್ಲವಂತೆ. ಅದನ್ನೇ ಕಳಿಸಲು ಹೇಳಿದೆ. ಒಳ್ಳೆಯ ಕಿಟ್ ಎಲ್ಲಿ ಸಿಗುತ್ತದೆ ಎನ್ನುವವರಿಗೆ ಇಷ್ಟೇ ಹೇಳುತ್ತೇನೆ: ಕೊಳ್ಳುವ ಮುಂಚೆ ನಿಮ್ಮನ್ನೇ ನಾಲ್ಕು ಪ್ರಶ್ನೆ ಕೇಳುವ ಅಂಗಡಿಯಲ್ಲಿ.

ಮನೆಯಲ್ಲಿ ಇರುವುದು ನಾನು ಮತ್ತು ಅಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಬೇಗ ಹೋದಳು. ಅಕ್ಕ ಮೆಣಸಿನಕಾಯಿ ತುಂಬು ಬಿಡಿಸಿ ನನ್ನನ್ನು ಓದಿಸಿದಳು. ತುಂಬು ಅಂದರೆ ತೊಟ್ಟು. ದಿನವಿಡೀ ರಾಶಿಯ ಮುಂದೆ ಕುಳಿತು ಒಂದೊಂದೇ ಕಾಯಿಯ ತೊಟ್ಟು ತಿರುವಿ ಮುರಿಯುವ ಕೆಲಸ. ಎಷ್ಟು ತೊಳೆದರೂ ಬೆರಳಿನ ಖಾರ ಹೋಗುತ್ತಿರಲಿಲ್ಲ. ನಾನು ಅತ್ತರೆ ಅವಳು ಬೆರಳಿನಿಂದ ಕಣ್ಣು ಒರೆಸುತ್ತಿರಲಿಲ್ಲ, ಬೆರಳು ಒಳಕ್ಕೆ ಮಡಚಿ ಮುಂಗೈಯಿಂದ ಒರೆಸುತ್ತಿದ್ದಳು.

ಪಾರ್ಸೆಲ್ ಬಂದಾಗ ನಾನು ಕಚೇರಿಯಲ್ಲಿದ್ದೆ. ಇಂಥ ಡಬ್ಬಿಯಲ್ಲಿ ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಸಣ್ಣ ಸಣ್ಣ ತೊಟ್ಟಿನಿಂದ ಅಂಟಿಕೊಂಡಿರುತ್ತವೆ. ಯಾವುದು ಯಾವ ಭಾಗವೆಂಬ ನಂಬರು ಇರುವುದು ಚೌಕಟ್ಟಿನ ಮೇಲೆ, ಭಾಗದ ಮೇಲಲ್ಲ. ಆದ್ದರಿಂದ ಬೇಕಾದಾಗ ಬೇಕಾದ್ದನ್ನಷ್ಟೇ ಕತ್ತರಿಸಿಕೊಳ್ಳಬೇಕು. ಸಂಜೆ ಬಂದು ನೋಡಿದರೆ ಅಕ್ಕ ಚಾಪೆಯ ಮೇಲೆ ಕುಳಿತಿದ್ದಳು. ಮೊರದಲ್ಲಿ ಮೂರು ಗುಂಪು: ದೊಡ್ಡವು, ನಡುವಿನವು, ಸಣ್ಣವು. ನೂರಾರು ಭಾಗ.

"ಎಲ್ಲಾದರದೂ ತುಂಬು ಬಿಡಿಸೇನಿ" ಎಂದಳು ಖುಷಿಯಿಂದ. "ದಣಿದ ಬರತೀ. ನಿನ್ನ ಕೆಲಸ ಹಗುರಾತು."

ನನಗೆ ತಲೆ ಕೆಟ್ಟಿತು. "ಮೆಣಸಿನಕಾಯಿ ಬಿಟ್ಟು ಬ್ಯಾರೆ ಏನರ ತಿಳೀತೈತೇನು ನಿನಗ?" ಎಂದುಬಿಟ್ಟೆ.

ಅಕ್ಕ ತನ್ನ ಕೈ ನೋಡಿಕೊಂಡಳು. ಮೊರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮೆಣಸಿನಕಾಯಿಯ ಅನ್ನವನ್ನೇ ನಾನು ಉಂಡಿದ್ದು, ಅದರಲ್ಲೇ ಓದಿದ್ದು. ನನಗೆ ನಾಚಿಕೆಯಾಗಿತ್ತು, ಸಿಟ್ಟೂ ಇಳಿದಿರಲಿಲ್ಲ. ವಾರವಿಡೀ ಇಬ್ಬರೂ ರೊಟ್ಟಿ, ಪಲ್ಯ, ನೀರು ಎಂಬ ಮಾತಷ್ಟೇ ಆಡಿದೆವು. ತಪ್ಪಾಯಿತು ಎನ್ನುವುದಕ್ಕೂ ಒಂದು ತ್ರಾಣ ಬೇಕು, ಅದು ನನ್ನಲ್ಲಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ಒಂದು ಕಟ್ಟು ತಂದು ನನ್ನೆದುರು ಬಿಚ್ಚಿದಳು. ಖಾಲಿ ಚೌಕಟ್ಟುಗಳು. ತುಂಬನ್ನೂ ಎಸೆಯುವ ರೂಢಿ ಅವಳಿಗಿರಲಿಲ್ಲ. ಒಂದು ಭಾಗವನ್ನು ಎತ್ತಿ ಚೌಕಟ್ಟಿನ ಒಂದು ಮೊಟಕು ತೊಟ್ಟಿಗೆ ಹಿಡಿದಳು, ಕೂಡಲಿಲ್ಲ. ಇನ್ನೊಂದಕ್ಕೆ ಹಿಡಿದಳು, ಕೂಡಿತು.

"ಮುರಿದಲ್ಲೆ ಗಾಯ ಇರತೈತಿ ನೋಡು. ಒಂದರಂಗ ಇನ್ನೊಂದು ಇರಂಗಿಲ್ಲ."

ಕತ್ತರಿಯಿಂದ ನುಣ್ಣಗೆ ಕತ್ತರಿಸಿದ್ದರೆ ಇದು ಆಗುತ್ತಿರಲಿಲ್ಲ. ಅವಳು ತಿರುವಿ ಮುರಿದಿದ್ದರಿಂದ ಪ್ರತಿಯೊಂದಕ್ಕೂ ಅದರದೇ ಗುರುತು ಉಳಿದಿತ್ತು. ಅವಳು ಬೆರಳಲ್ಲಿ ತಡವಿ ಜೋಡಿ ಹುಡುಕುತ್ತಿದ್ದಳು, ನಾನು ನಂಬರು ಓದಿ ಚೀಟಿ ಅಂಟಿಸುತ್ತಿದ್ದೆ. ಏಳು ಭಾನುವಾರ ಹಿಡಿಯಿತು. ಮೆಣಸಿನಕಾಯಿ ಸುಗ್ಗಿ ಬೇರೆ, ಊರಿನ ಗಾಳಿಯೇ ಖಾರ. ಒಮ್ಮೆ ನಾನು ಸೀನಿದ ರಭಸಕ್ಕೆ ಹತ್ತಾರು ಭಾಗಗಳು ಮಂಚದ ಕೆಳಗೆ ಹೋದವು. "ವಿಮಾನ ಅಷ್ಟರ ಹಾರಿತಲ್ಲ ಬಿಡು" ಎಂದಳು ಅಕ್ಕ. ಆದರೂ ಆಡಬೇಕಾದ ಮಾತು ನನ್ನ ಬಾಯಲ್ಲೇ ಉಳಿದಿತ್ತು.

ಜೋಡಿಸಿ ಮುಗಿಸಲು ಮತ್ತೆ ಮೂರು ತಿಂಗಳು. ಕೊನೆಯದಾಗಿ ಮುಂದಿನ ಪಂಖವನ್ನು ಅಕ್ಕನ ಕೈಗೆ ಕೊಟ್ಟೆ. ಅವಳೇ ಕೂಡಿಸಿದಳು. ಬೆರಳಿನಿಂದ ಒಮ್ಮೆ ತಿರುಗಿಸಿ, "ತಿರಗತೈತಿ" ಎಂದಳು.

"ಅಕ್ಕಾ, ಅವತ್ತ ನಾ ಹಂಗ ಅನಬಾರದಾಗಿತ್ತು."

"ಅಂದದ್ದು ಖರೇನ ಐತಲ್ಲ. ನನಗ ಬರೋದು ಅದೊಂದ" ಎಂದಳು, ಇನ್ನೂ ಪಂಖ ತಿರುಗಿಸುತ್ತ.

ನನಗೆ ತಡೆಯಲಾಗಲಿಲ್ಲ, ಅಳು ಬಂತು. ಅಕ್ಕ ನನ್ನ ಕಣ್ಣಿನ ಕಡೆ ಕೈ ಚಾಚಿದಳು. ಅರ್ಧಕ್ಕೆ ನಿಲ್ಲಿಸಿ, ಬೆರಳು ಒಳಕ್ಕೆ ಮಡಚಿ, ಮುಂಗೈಯಿಂದ ಒರೆಸಿದಳು. ಅವಳು ಮೆಣಸಿನಕಾಯಿ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು.