ಕೊಹಿನೂರಿನ ಹೊಲದಲ್ಲಿ ಕೇಳಿದ ಚರಗದ ಕೂಗು

ಸತ್ತವರ ದನಿ, ಕಾಣದವರ ಕರೆ ಎಂಬ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ಸಾಕ್ಷ್ಯಚಿತ್ರಗಳಿಗೆ ದನಿ ಮುದ್ರಿಸುವುದು ನನ್ನ ಕೆಲಸವಾಗಿತ್ತು. ಯಾವ ಸದ್ದಿಗೂ ಒಂದು ಮೂಲ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕಷ್ಟೆ ಎಂದು ಗೆಳೆಯರಿಗೆಲ್ಲ ಪಾಠ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಇದನ್ನೋದಿ ನೀವು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಅದು ತುರ್ತು ಪರಿಸ್ಥಿತಿಯ ಕಾಲ. ಹಳ್ಳಿಯವರ ದಿನನಿತ್ಯದ ಬದುಕಿನ ಮೇಲೆ ಒಂದು ಚಿತ್ರ ಮಾಡಲು ನಮ್ಮ ತಂಡ ಹುಮನಾಬಾದಿಗೆ ಬಂದಿತ್ತು. ದಿನನಿತ್ಯದ ಬದುಕು ಯಾವುದು, ಯಾವುದು ಅಲ್ಲ ಎಂಬುದನ್ನು ಜೊತೆಗೆ ಬಂದ ಅಧಿಕಾರಿಯೊಬ್ಬ ತೀರ್ಮಾನಿಸುತ್ತಿದ್ದ. ಹರಿದ ಅಂಗಿ ಕಂಡರೆ ಕ್ಯಾಮೆರಾ ಆಚೆ ತಿರುಗಬೇಕು; ಜನ ನಗುತ್ತಿರಬೇಕು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಜನ ನನ್ನ ಮೈಕನ್ನೇ ಆ ಕಿವಿ ಎಂದು ತಿಳಿದು ನಾನು ಬಂದೊಡನೆ ಬಾಯಿ ಮುಚ್ಚುತ್ತಿದ್ದರು. ಹುಮನಾಬಾದಿನಲ್ಲೇ ಹುಟ್ಟಿ ಬೆಳೆದ ನನಗೆ ಅದರಿಂದ ಬಹಳ ನೋವಾಗುತ್ತಿತ್ತು.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಕಾಳು-ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಒಯ್ದು, ಪೂಜೆ ಮಾಡಿ, ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಗಂಡಸು ಮುಂದೆ ಅಡುಗೆ ಚೆಲ್ಲುತ್ತ ‘ಓಲಗ್ಯಾ, ಓಲಗ್ಯಾ’ ಎಂದು ಕೂಗುತ್ತಾನೆ. ಹಿಂದೆ ಇನ್ನೊಬ್ಬರು ಮಾತಾಡದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋಗುತ್ತಾರೆ. ಬಸವಕಲ್ಯಾಣದ ಹತ್ತಿರದ ಕೊಹಿನೂರಿನಲ್ಲಿ ನೀಲಮ್ಮ ಎಂಬುವಳ ಹೊಲವನ್ನು ನಿರ್ದೇಶಕರು ಆರಿಸಿದರು. ಜೋಳ ಚೆನ್ನಾಗಿ ಬೆಳೆದಿತ್ತು, ಬಿಸಿಲೂ ಹದವಾಗಿತ್ತು.

ಆಕೆಯ ಗಂಡ ಇರಲಿಲ್ಲ. ಹುಮನಾಬಾದಿನ ಒಂದು ಚಹಾದ ಹೋಟೆಲಿನಲ್ಲಿ ಸರಕಾರದ ಬಗ್ಗೆ ಏನೋ ಅಂದನಂತೆ. ಜೀಪಿನಲ್ಲಿ ಬಂದವರು ಕರೆದುಕೊಂಡು ಹೋದರು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ವಿಚಾರಿಸಲು ಹೋದವರನ್ನೇ ಹಿಡಿದು ವಿಚಾರಿಸುವ ಕಾಲ ಅದು. ಬದುಕಿದ್ದಾನೋ ಇಲ್ಲವೋ ಎಂಬುದಷ್ಟೇ ಆಕೆಗೆ ತಿಳಿಯಬೇಕಿತ್ತು. ಬೇಮಳಖೇಡದಿಂದ ಬಂದಿದ್ದ ಅಣ್ಣ ತವರಿಗೆ ಕರೆಯುತ್ತಿದ್ದ. ಹಬ್ಬ ಮುಗಿಸಿ ಬರುತ್ತೇನೆ ಎಂದು ಆಕೆಯೂ ಒಪ್ಪಿದ್ದಳು.

ಮುಂದೆ ಗಂಡಸಿಲ್ಲದಿದ್ದರೆ ಚಿತ್ರ ಚೆನ್ನಾಗಿರುವುದಿಲ್ಲ, ಆ ಅಣ್ಣನಿಗೇ ರುಮಾಲು ಸುತ್ತಿ ನಿಲ್ಲಿಸಿ ಎಂದ ಅಧಿಕಾರಿ. ನೀಲಮ್ಮ ತಲೆ ಎತ್ತಲಿಲ್ಲ.

“ಆ ಜಾಗಾ ಅವರದದ ರೀ. ಖಾಲಿ ಇದ್ರ ಖಾಲಿ ಇರ್ಲಿ” ಎಂದಳು.

ಅಧಿಕಾರಿ ಸಿಡುಕುತ್ತ ಜೀಪಿನ ಕಡೆ ನಡೆದ. ಆಕೆ ಒಬ್ಬಳೇ ಹೊರಟಳು. ಎಡಗೈಯಲ್ಲಿ ತಂಬಿಗೆ, ಬಲಗೈಯಿಂದ ನೀರು. ಮುಂದೆ ಯಾರೂ ಇಲ್ಲ, ಕೂಗೂ ಇಲ್ಲ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕು ಹಿಡಿದು ಬದುವಿನ ಮೇಲೆ ಹಿಂಬಾಲಿಸಿದೆ.

ಆಗ ಕೇಳಿತು. ‘ಓಲಗ್ಯಾ, ಓಲಗ್ಯಾ...’ ಗಂಡು ದನಿ, ಸ್ವಲ್ಪ ಒಡಕು. ಹೆಡ್‌ಫೋನ್ ತೆಗೆದೆ. ಜೋಳದ ಎಲೆ ಸರಸರ ಎನ್ನುವುದು ಬಿಟ್ಟರೆ ಏನೂ ಇಲ್ಲ. ಹಾಕಿಕೊಂಡೆ, ಕೂಗು ಆಕೆಯ ಮುಂದೆ ಮುಂದೆ ಹೋಗುತ್ತಿತ್ತು. ನಡುನಡುವೆ ಮೆಲ್ಲಗೆ ‘ನೀರ ಹಾಕ’ ಎನ್ನುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ಪ್ರಮಾಣಿಸಿಯೂ ನೋಡಿದೆ. ಪಕ್ಕದ ಹೊಲದವರು ಚರಗ ಮುಗಿಸಿ ಉಣ್ಣಲು ಕೂತಿದ್ದರು. ಟೇಪು ಹೊಸದು. ತಂತಿಗಳೆಲ್ಲ ಸರಿಯಾಗಿದ್ದವು.

ನನ್ನ ಮುಖ ನೋಡಿ ನೀಲಮ್ಮ ಹತ್ತಿರ ಬಂದಳು. “ಏನಾತ್ರಿ ಅಣ್ಣಾರ?”

ಟೇಪನ್ನು ಹಿಂದಕ್ಕೆ ತಿರುಗಿಸಿ ಹೆಡ್‌ಫೋನನ್ನು ಆಕೆಯ ಕಿವಿಗಿಟ್ಟೆ. ಕೇಳುತ್ತ ಕೇಳುತ್ತ ಆಕೆ ಅಲ್ಲೇ ಮಣ್ಣಿನಲ್ಲಿ ಕುಳಿತಳು.

“ಅವರೇ ರೀ. ವರ್ಷಾ ಹಿಂಗೇ ಹೇಳ್ತಾರ, ನೀರ ಹಾಕ, ನೀರ ಹಾಕ ಅಂತ. ನಾ ಹಿಂದ ಬೀಳ್ತೀನಲ್ರಿ, ಅದಕ್ಕ” ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, “ನಾ ಬರಂಗಿಲ್ಲಣ್ಣಾ. ಅವರು ಬದುಕ್ಯಾರ” ಎಂದಳು. ಆಕೆಯ ಮುಖದಲ್ಲಿ ಅಂದು ಕಂಡ ಬೆಳಕನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ತಂಡ ಕಚೇರಿಗೆ ಮರಳಿದ ಮೇಲೆ ಸಂಕಲನಕಾರ ಟೇಪು ಕೇಳಿ ನನ್ನನ್ನೇ ಗದರಿದ. ಚಿತ್ರದಲ್ಲಿ ಹೆಂಗಸು ಒಬ್ಬಳೇ ಇದ್ದಾಳೆ, ಈ ಗಂಡು ದನಿ ಎಲ್ಲಿಂದ ತಂದೆ ಎಂದ. ಬೇಡವಾದ ಟೇಪನ್ನು ಅಳಿಸಿ ಮತ್ತೆ ಬಳಸುವುದು ನಮ್ಮಲ್ಲಿ ರೂಢಿ. ನಾನು ಮತ್ತೊಂದು ಊರಿನ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಅದರ ಮೇಲೆ ಬೇರೆ ಯಾವುದೋ ಭಾಷಣ ಕೂತಿತ್ತು. ಆಕೆಗೆಂದು ಒಂದು ಪ್ರತಿ ಮಾಡಿಕೊಳ್ಳುವ ಆಸೆ ಹಾಗೆಯೇ ಉಳಿಯಿತು.

ತುರ್ತು ಪರಿಸ್ಥಿತಿ ಮುಗಿಯಿತು. ಒಳಗಿದ್ದವರು ಹಾರ ಹಾಕಿಸಿಕೊಂಡು ಮನೆಗೆ ಬಂದರು. ನೀಲಮ್ಮನ ಗಂಡ ಬರಲಿಲ್ಲ. ಅಂಥ ಹೆಸರಿನವನನ್ನು ಹಿಡಿದೇ ಇಲ್ಲ ಎಂದರಂತೆ ಪೊಲೀಸರು. ಅಣ್ಣ ಮತ್ತೆ ಮತ್ತೆ ಕರೆದ. ಆಕೆ ಹೊಲ ಬಿಟ್ಟು ಕದಲಲಿಲ್ಲ. ಅಂದು ಆ ಟೇಪು ಕೇಳಿಸದಿದ್ದರೆ ತವರಿನಲ್ಲಿ ನಾಲ್ಕು ಜನರ ನಡುವೆ ಅತ್ತು ಹಗುರಾಗುತ್ತಿದ್ದಳೋ ಏನೋ. ಈ ಕೊರಗು ನನ್ನನ್ನು ಬಿಟ್ಟಿಲ್ಲ.

ಎಷ್ಟೋ ವರ್ಷ ಕಳೆದು ಇನ್ನೊಂದು ಎಳ್ಳಮಾವಾಸ್ಯೆಗೆ ಕೊಹಿನೂರಿಗೆ ಹೋದೆ. ಆಕೆಯ ಕೂದಲು ನೆರೆತಿತ್ತು. ಕ್ಷೇಮಸಮಾಚಾರಕ್ಕೂ ಮೊದಲು ಕೇಳಿದ್ದು ಒಂದೇ ಮಾತು: “ಆ ಮಷೀನ್ ತಂದೀರೇನ್ರಿ?”

ತಂದಿದ್ದೆ. ಹೆಡ್‌ಫೋನನ್ನು ಆಕೆಗೇ ಕೊಟ್ಟು, ಮೈಕು ಹಿಡಿದು ಪಕ್ಕದಲ್ಲೇ ನಡೆದೆ. ಆಕೆ ತಂಬಿಗೆ ಹಿಡಿದು ಖಾಲಿ ಜಾಗದ ಹಿಂದೆ ಹೆಜ್ಜೆ ಹಾಕಿದಳು. ಆಮೇಲೆ, ಯಾರೋ ಹೇಳಿದ್ದಕ್ಕೆ ಹೂಂಗುಟ್ಟಿದಂತೆ ತಲೆಯಾಡಿಸಿ ನೀರು ಚಿಮುಕಿಸಿದಳು. ಮತ್ತೆ ತಲೆಯಾಡಿಸಿದಳು, ಮತ್ತೆ ಚಿಮುಕಿಸಿದಳು.

ಬದುವಿನ ಕೊನೆಗೆ ಬಂದಾಗ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟು, ಆಸೆಯಿಂದ ನನ್ನ ಮುಖ ನೋಡಿದಳು. “ಕೇಳಾಕತ್ತದಲ್ರಿ ಅಣ್ಣಾರ?”

ಗಾಳಿ ಬೀಸುತ್ತಿತ್ತು. ಜೋಳದ ಎಲೆ ಸರಸರ ಎನ್ನುತ್ತಿತ್ತು. ಉಸಿರು ಬಿಗಿಹಿಡಿದು ಬಹಳ ಹೊತ್ತು ಕೇಳಿದೆ; ನನಗೆ ಬೇರೇನೂ ಕೇಳಲಿಲ್ಲ. ಹೂಂ ಎಂದೆ.