ದಾವಲಸಾಬರ ಬಲಗಣ್ಣು

ಮನೆ ಕಟ್ಟುವ ಗೌಂಡಿ ದಾವಲಸಾಬರು ಯಾವುದನ್ನೂ ಎರಡು ಕಣ್ಣಿನಿಂದ ನೋಡಿದವರಲ್ಲ. ಗೋಡೆಯಿರಲಿ, ಚಹಾದ ಗ್ಲಾಸಿರಲಿ, ಎಡಗಣ್ಣು ಗಟ್ಟಿಯಾಗಿ ಮುಚ್ಚಿ, ಬಲಗಣ್ಣಿನಿಂದ ಮೇಲಿಂದ ಕೆಳಗೆ ಅಳೆದು, ಆಮೇಲೆ ಮಾತಾಡುತ್ತಿದ್ದರು. ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹಾಗೇ ಮಾಡಿದರು. ಮುದುಕ ಕಣ್ಣು ಹೊಡೆದನೆಂದು ತಿಳಿದು ಆ ಮನೆಯವರು ಚಹಾ ಕೊಡದೆ ಕಳಿಸಿದರು.

"ಎರಡೂ ಕಣ್ಣ ಬಿಟ್ಟ ನೋಡೂದು ಮದವಿ ಮನ್ಯಾಗ್ರಿ. ಕೆಲಸಕ್ಕ ಒಂದ ಸಾಕು," ಎನ್ನುತ್ತಿದ್ದರು.

ದೊಡವಾಡದ ನಮ್ಮ ಮನೆ ಕಟ್ಟಿದವರು ಅವರೇ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಗುಗುಂಡು ಅವರ ಚೀಲದಲ್ಲಿರುತ್ತಿತ್ತು. ಆದರೆ ಅದು ಮನೆಯ ಯಜಮಾನರ ಸಮಾಧಾನಕ್ಕೆ ಮಾತ್ರ ಎಂಬುದು ಅವರ ನಂಬಿಕೆ. ನಮ್ಮಪ್ಪ ದಿನಾ ಸಂಜೆ, ಅವರು ಚೀಲ ಅಲ್ಲೇ ಇಟ್ಟು ಹೋದ ಮೇಲೆ, ಅದೇ ಗುಂಡು ಬಿಟ್ಟು ನೋಡುತ್ತಿದ್ದ. ಒಂದು ದಿನವೂ ತಪ್ಪು ಸಿಗಲಿಲ್ಲ. ಮನೆ ಮುಗಿಯುವವರೆಗೂ ಅಪ್ಪನಿಗೆ ಆ ಬೇಸರ ಹೋಗಲಿಲ್ಲ.

ನಾನು ಬೈಲಹೊಂಗಲದ ಹೈಸ್ಕೂಲಿನಲ್ಲಿ ಶಿಕ್ಷಕಿ. ಇಲ್ಲಿನ ನನ್ನ ಮನೆಯ ಹಿಂದೆ ಒಂದು ಖೋಲಿ ಹೆಚ್ಚಿಗೆ ಬೇಕಾದಾಗ ಬೇರೆ ಗೌಂಡಿಯ ಹೆಸರೇ ನೆನಪಾಗಲಿಲ್ಲ. ದಾವಲಸಾಬರಿಗೆ ಆಗಲೇ ಎಪ್ಪತ್ತರ ಹತ್ತಿರ. ದೊಡವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಜೊತೆ ಬಹಳ ವರ್ಷಗಳಿಂದ ಸಿಮೆಂಟು ಕಲಸುವ ಮಲ್ಲವ್ವ.

ಬಂದ ದಿನವೇ ಅವರು ದೂರು ಹೇಳಿದರು. "ದಾರ್ಯಾಗ ಲೈಟಿನ ಕಂಬ ನೋಡಿರೇನ್ರಿ ಅಕ್ಕಾರ? ಒಂದೊಂದಕ್ಕೂ ಸೊಂಟ ಮುರದಾವ." ನಮ್ಮ ಕಡೆಯ ಕಂಬಗಳ ಬಗ್ಗೆ ಇಂಥ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ನಾನೂ ಅನುಮಾನಿಸಲಿಲ್ಲ.

ಆಮೇಲೆ ತೂಗುಗುಂಡಿನ ದಾರ ಸೊಟ್ಟ ಇದೆ ಎಂದರು. ಬಿಚ್ಚಿ ನೈಲಾನ್ ದಾರ ಕಟ್ಟಿದರು. ಅದೂ ಸೊಟ್ಟ. ಪೇಟೆಗೆ ಹೋಗಿ ಅಂಗಡಿಯವನನ್ನು ಬೈದು ಮತ್ತೊಂದು ತಂದರು. ಅದೂ ಹಾಗೇ. ಕೊನೆಗೆ ಗುಂಡನ್ನು ಚೀಲಕ್ಕೆ ಹಾಕಿ, "ಈಗಿನ ದಾರಾನ ಹಿಂಗ," ಎಂದು, ಎದೆಮಟ್ಟ ಬಂದಿದ್ದ ಗೋಡೆ ಸೊಟ್ಟವೆಂದು ಕೆಡವಿ, ಕಣ್ಣಳತೆಯಲ್ಲೇ ಮತ್ತೆ ಎಬ್ಬಿಸಿದರು. ಕೆಡವಿದ ಗೋಡೆ ನನಗೆ ನೆಟ್ಟಗೇ ಕಂಡಿತ್ತು. ಆದರೆ ಅಪ್ಪನ ಕಾಲದಿಂದ ಯಾರೂ ಗೆಲ್ಲದ ವಾದ ಅದು.

ಹೊಸ ಗೋಡೆ ತಲೆಯ ಮೇಲೆ ಹೋದಾಗ ಮಲ್ಲವ್ವ ಹೇಳಿದಳು: "ಮಾಮಾ, ಗ್ವಾಡಿ ಹೊಟ್ಟಿ ಬಿಟ್ಟಂಗ ಕಾಣತೈತಿ."

"ನೀ ನಿನ್ನ ಹೊಟ್ಟಿ ನೋಡ್ಕೊ."

"ನಂದು ಬಿದ್ರ ಯಾರಿಗೂ ಪೆಟ್ಟ ಆಗಂಗಿಲ್ಲ."

ಆ ಮಧ್ಯಾಹ್ನ ನಾನು ಅದೇ ಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ದಾವಲಸಾಬರು ಕೆಳಗಿಳಿದು, ಆಚೆ ಬೇವಿನ ಗಿಡದ ಹತ್ತಿರ ಚಹಾ ಬಾಯಿಗಿಟ್ಟು, "ಅಕ್ಕಾರ, ಸಕ್ರಿ ಹಾಕೂದು ಮರ್ತೀರಿ," ಎಂದರು. ಗೊಣಗುತ್ತ ಒಳಗೆ ಹೋದೆ. ಲಾರಿಯಿಂದ ಕಲ್ಲು ಸುರಿದಂಥ ಸದ್ದಾಯಿತು.

ಡಬ್ಬಿ ಹಿಡಿದು ಹೊರಗೆ ಬಂದಾಗ ಇಟ್ಟಂಗಿಯ ರಾಶಿಯಿಂದ ಕುರ್ಚಿಯ ಒಂದು ಕಾಲು ಕಾಣುತ್ತಿತ್ತು. ಧೂಳಿನಲ್ಲಿ ಉತ್ತರಪತ್ರಿಕೆಗಳು ಹಾರಾಡುತ್ತಿದ್ದವು. ದಾವಲಸಾಬರು ನನಗೆ ಬೆನ್ನು ಮಾಡಿ ಮೊಣಕಾಲೂರಿ, "ಅಕ್ಕಾರ, ಅಕ್ಕಾರ," ಎಂದು ರಾಶಿಯನ್ನು ಕೂಗುತ್ತ ಇಟ್ಟಂಗಿ ಎತ್ತಿ ಎಸೆಯುತ್ತಿದ್ದರು. ಮಲ್ಲವ್ವ ಬಾಯಿ ಬಡಿದುಕೊಳ್ಳುತ್ತಿದ್ದಳು.

"ಸಕ್ರಿ ತಂದೇನ್ರಿ," ಎಂದೆ.

ಅವರು ತಿರುಗಿ ನೋಡಿ, ಎತ್ತಿದ್ದ ಇಟ್ಟಂಗಿಯನ್ನು ಕೆಳಗಿಟ್ಟು ಅದರ ಮೇಲೇ ಕೂತರು.

ಈಗಲೂ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದಾಗ ಆ ಸದ್ದು ಕೇಳುತ್ತದೆ. ಚಹಾಕ್ಕೆ ಸರಿಯಾಗಿ ಸಕ್ಕರೆ ಹಾಕಿದ್ದರೆ ಎಂದು ಯೋಚಿಸುತ್ತೇನೆ. ಆ ಯೋಚನೆ ಪ್ರತಿ ಸಲವೂ ಕುರ್ಚಿಯ ಕಾಲಿನ ಹತ್ತಿರ ನಿಲ್ಲುತ್ತದೆ.

ಅಂದು ಧೂಳು ಇಳಿದ ಮೇಲೆ ದಾವಲಸಾಬರು ಚೀಲದಿಂದ ಗುಂಡು ತೆಗೆದು ನನ್ನೆದುರು ಇಳಿಬಿಟ್ಟರು. "ನೀವ ನೋಡ್ರಿ. ದಾರ ಸೊಟ್ಟ ಐತಿಲ್ಲೋ?"

"ನೆಟ್ಟಗೈತ್ರಿ."

"ಮಾಮಾ, ಆ ಕಣ್ಣಲೆ ನೋಡ್ರಿ," ಎಂದಳು ಮಲ್ಲವ್ವ.

ಅವರು ಬಲಗಣ್ಣು ಮುಚ್ಚಿ, ಎಡಗಣ್ಣು ಬಿಟ್ಟು ನೋಡಿದರು. ಕಣ್ಣು ಬದಲಿಸಿ ಬದಲಿಸಿ ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಇದು ಯಾವಾಗ ನೆಟ್ಟಗಾತು?"

ಮರುದಿನ ಅವರನ್ನು ಬೆಳಗಾವಿಗೆ ಕರೆದುಕೊಂಡು ಹೋದೆ. ಅಲ್ಲಿನ ಕಣ್ಣಿನ ಡಾಕ್ಟರಮ್ಮ ಚೌಕುಳಿ ಗೆರೆಗಳ ಒಂದು ಹಾಳೆ ಕೊಟ್ಟು, ನಡುವಿನ ಕರಿ ಚುಕ್ಕೆಯನ್ನು ಒಂದೊಂದೇ ಕಣ್ಣಿನಿಂದ ನೋಡಲು ಹೇಳಿದರು. ದಾವಲಸಾಬರು ಎಡಗಣ್ಣು ಮುಚ್ಚಿದರು. "ಇದನ್ನ ಯಾವ ಗೌಂಡಿ ಕಟ್ಟ್ಯಾನ್ರಿ? ನಡೂಕೆಲ್ಲಾ ಕುಸದೈತಿ." ಬಲಗಣ್ಣು ಮುಚ್ಚಿದರು. "ಈಗ ಚಲೋ ಕಟ್ಟ್ಯಾನ."

ಕಣ್ಣಿನ ಹಿಂದಿನ ಪರದೆಯ ಕೆಳಗೆ ಹಳದಿ ಕಣಗಳು ಸಂಗ್ರಹವಾಗಿವೆ, ವಯಸ್ಸಾದಂತೆ ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಎಡಗಣ್ಣಿನಲ್ಲಿ ಸದ್ಯಕ್ಕೆ ಅಷ್ಟೇ. ಬಲಗಣ್ಣಿನಲ್ಲಿ ಅದು ಮುಂದುವರಿದು, ಪರದೆಯ ಕೆಳಗೆ ಹೊಸ ರಕ್ತನಾಳ ಬೆಳೆದು ಸೋರುತ್ತಿದೆ. ನಡುವಿನ ನೋಟ ಕೆಟ್ಟಿದೆ. ಎರಡೂ ಕಣ್ಣು ಬಿಟ್ಟಾಗ ಎಡಗಣ್ಣು ಸಂಭಾಳಿಸುವುದರಿಂದ ಗೊತ್ತಾಗಿಲ್ಲ.

"ಗ್ವಾಡಿಗೆ ಉಪ್ಪ ಹೊಂಟಂಗ ಅನ್ರಿ. ಕೆರದ, ಸಿಮೆಂಟ ಬಳದ ಗಿಲಾವ ಮಾಡ್ರಲಾ."

"ಕೆರಿಯಾಕ ಬರಂಗಿಲ್ಲ ಅಜ್ಜಾರ. ಸೋರೂದು ನಿಲ್ಲಾಕ ಕಣ್ಣಾಗ ಇಂಜೆಕ್ಷನ್ ಕೊಡತೇವಿ. ಕೆಟ್ಟಿದ್ದು ಪೂರಾ ತಿರುಗಿ ಬರಂಗಿಲ್ಲ."

"ಅಂದ್ರ ತ್ಯಾಪಿ."

"ತ್ಯಾಪೀನ ಅಂತ ತಿಳೀರಿ. ಬೀಡಿ ಬಿಡ್ರಿ. ಮ್ಯಾಲೇರಿ ಗ್ವಾಡಿ ಕಟ್ಟೂದು ಬಿಡ್ರಿ."

"ಬೀಡಿ ಬಿಡತೇನ್ರಿ," ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಬಲಗಣ್ಣು ಮುಚ್ಚಿಕೊಂಡು ಒಂದೊಂದೇ ಕಂಬ ನೋಡುತ್ತ ಕೂತರು.

ಖೋಲಿಯನ್ನು ಬೇರೊಬ್ಬ ಗೌಂಡಿ ಮುಗಿಸಿದ. ಕಟಕೋಳದ ಮಗಳ ಮನೆಗೆ ಇರಲು ಹೋಗುವ ದಿನ ದಾವಲಸಾಬರು ನೋಡಲು ಬಂದರು. ಆ ಗೋಡೆಯ ಮುಂದೆ ನಿಂತು, ಎರಡೂ ಕಣ್ಣು ತೆರೆದು ನೋಡಿದರು. ಅವರು ಹಾಗೆ ಗೋಡೆ ನೋಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಹೆಂಗೈತ್ರಿ?" ಎಂದೆ.

"ಮದವಿ ಮನಿಗೆ ಬಂದಂಗ ಆತು," ಎಂದರು. ಅಂಗೈಯಿಂದ ಗೋಡೆಯನ್ನು ಉದ್ದಕ್ಕೂ ಸವರಿದರು. ಕೆಲಸ ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಮಲ್ಲವ್ವ ಈಗ ಬೇರೆಯವರ ಹತ್ತಿರ ಸಿಮೆಂಟು ಕಲಸುತ್ತಾಳೆ. ಬೈಯುವವರಿಲ್ಲದೆ ಕೆಲಸ ಸಾಗುವುದಿಲ್ಲ ಎನ್ನುತ್ತಾಳೆ. ನನ್ನ ಕುರ್ಚಿ ಅಂಗಳದ ನಡುವೆ, ಬಿಸಿಲಿನಲ್ಲಿದೆ. ದಾವಲಸಾಬರ ತೂಗುಗುಂಡು ಹೊಸ ಖೋಲಿಯ ಕಿಟಕಿಯಲ್ಲಿ ತೂಗುತ್ತಿದೆ. ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ಅದನ್ನು ನೋಡುತ್ತೇನೆ. ಕಟಕೋಳದ ಕಡೆಗೆ ಹೊರಟ ದಿನ ಅದನ್ನು ನನ್ನ ಕೈಗೆ ಕೊಟ್ಟು ಅವರು ಹೇಳಿದ್ದರು:

"ನನಗ ಇದು ಸುಳ್ಳ ಹೇಳಾಕ ಹತ್ತೇತಿ, ನಿಮಗ ಖರೆ ಹೇಳೀತು. ಒಂದೊಂದ ಕಣ್ಣ ಮುಚ್ಚಿ ನೋಡ್ಕೋತ ಇರ್ರಿ, ಅಕ್ಕಾರ. ಸೊಟ್ಟ ಕಂಡ್ರ ದಾರ ಬದಲಿ ಮಾಡಬ್ಯಾಡ್ರಿ. ಬೆಳಗಾವಿ ಬಸ್ ಹತ್ರಿ."